ಸಾಲು ಬಿಟ್ಟ ಎತ್ತು

ಸಿಂಧನೂರಿನ ನಮ್ಮ ಮನೆಯಲ್ಲಿ ರೊಟ್ಟಿ ಬೇಕೆಂದರೆ ಒಂದು ಶಬ್ದದ ಹುಟ್ಟು ಹೇಳಬೇಕಿತ್ತು. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಅಪ್ಪ ಗೋಡೆಗೆ ಒರಗಿ ಕುಳಿತು, ಅಪರೂಪದ ಒಂದು ಇಂಗ್ಲಿಷ್ ಶಬ್ದವನ್ನು ನನಗೂ ಅಣ್ಣನಿಗೂ ಹಾಕುತ್ತಿದ್ದರು. ಲ್ಯಾಟಿನ್ನಿನಲ್ಲಿ ಹುಟ್ಟಿದಾಗ ಅದು ಏನಾಗಿತ್ತು, ಆಮೇಲೆ ಏನಾಯಿತು, ಎರಡನ್ನೂ ಹೇಳಿದವರ ತಾಟಿಗೆ ಮೊದಲ ಬಿಸಿ ರೊಟ್ಟಿ. ತಪ್ಪಿದವರು ಕೊನೆಯ ರೊಟ್ಟಿಯ ತನಕ ಕಾಯಬೇಕು.

ಟ್ರಿಬ್ಯುಲೇಷನ್ ಎಂದರೆ ಈಗ ಸಂಕಟ. ಹುಟ್ಟಿದ್ದು ಕಣದಲ್ಲಿ, ಕಾಳು ಬಿಡಿಸಲು ತೆನೆಯ ಮೇಲೆ ಎಳೆಯುವ ಕಲ್ಲುಹಲ್ಲಿನ ಹಲಗೆಯಿಂದ. ಪ್ರಿವ್ಯಾರಿಕೇಟ್ ಎಂದರೆ ಈಗ ಜಾರುವ ಮಾತಾಡುವುದು. ಮೊದಲು ಅದು ಸೊಟ್ಟ ನೇಗಿಲು ಹೊಡೆಯುವವನ ಮಾತು, ಆಮೇಲೆ ಎದುರು ಪಕ್ಷದವರ ಜೊತೆ ಒಳಗೊಳಗೇ ಸೇರಿದ ವಕೀಲನದು.

"ಹೊಲದಾಗಿನ ಮಾತು ಒಯ್ದು ಕಚೇರ್ಯಾಗ ಇಟ್ಟಾರ ನೋಡ್ರಿ" ಎಂದು ಅವ್ವ ನಗುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಾವು ಯಾರೂ ಎಣಿಸಿರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಸ್ಕಿಯ ಸೊಸೆಯಾಗಿದ್ದೆ. ನಮ್ಮ ಮನೆಗೆ ಬಂದಿದ್ದ ಅಪ್ಪನಿಗೆ ಜ್ವರ ಹಿಡಿದು, ನಾಲ್ಕನೆಯ ದಿನ ಲಿಂಗಸುಗೂರಿನ ದವಾಖಾನೆಗೆ ಸೇರಿಸಿದೆವು. ಸಿಂಧನೂರಿನಿಂದ ಅಣ್ಣನೂ ಅವ್ವನೂ ಬಂದರು. ಮರುದಿನ ಬೆಳಿಗ್ಗೆ, ಗಂಜಿ ಕಾಯಿಸಲು ಅವ್ವ ಹತ್ತಿರದ ಬೀಗರ ಮನೆಗೆ ಹೋಗಿದ್ದಾಗ, ಡಾಕ್ಟರು ಅಪ್ಪನ ನಾಡಿ ಹಿಡಿದು ನಿಂತರು. ಅವರು ಮೈಸೂರು ಕಡೆಯವರು.

"ಡಿಲಿರಿಯಂ" ಅಂದರು. "ಜ್ವರ ತಲೆಗೇರಿದೆ. ಮಧ್ಯಾಹ್ನದೊಳಗೆ ತಿಳಿವು ಬರದಿದ್ರೆ ರಾಯಚೂರಿಗೆ ಕರೆದುಕೊಂಡು ಹೋಗಲೇಬೇಕು. ಆದ್ರೆ ಆ ರಸ್ತೆಯ ಕುಲುಕಾಟ ಈ ನಾಡಿ ತಡೆಯುತ್ತೆ ಅಂತ ನಾನು ಹೇಳಲಾರೆ."

ಅಣ್ಣ ಜೀಪು ಹುಡುಕಲು ಹೋದ. ನಾನು ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತೆ. ತುಸು ಹೊತ್ತಿಗೆ ಅವರ ತುಟಿ ಅಲುಗಾಡಿತು.

"ಎತ್ತು ಸಾಲು ಬಿಟ್ಟೈತಿ."

ನಮ್ಮ ಮನೆಯಲ್ಲಿ ಎತ್ತುಗಳೇ ಇರಲಿಲ್ಲ. ಜ್ವರದವರ ಮಾತಿಗೆ ಇಲ್ಲ ಅನ್ನಬಾರದು, ಹೂಂ ಅಂದರೆ ಜೀವ ತಣ್ಣಗಾಗುತ್ತದೆ ಎನ್ನುವುದು ನಮ್ಮ ಕಡೆಯ ರೂಢಿ. ಅದನ್ನೇ ಮಾಡಿದೆ.

"ಹೂಂ ಅಪ್ಪ. ಎತ್ತು ಹೊಳ್ಳಿ ಬಂದಾವ, ಕೊಟ್ಟಿಗ್ಯಾಗ ಕಟ್ಟೀವಿ."

ಅಪ್ಪ ತಲೆ ಕೊಡವಿದರು. "ಅಲ್ಲ. ಸಾಲು ಬಿಟ್ಟೈತಿ."

"ಮೇವೂ ಹಾಕೀವಪ್ಪ."

"ಅಲ್ಲಲೇ!" ಎಂದು ಮಂಚದ ಕಂಬಿಗೆ ಬಡಿದರು. ಸಲಾಯಿನ್ ಬಾಟಲಿ ಅಲುಗಾಡಿತು. ನರ್ಸು ಬಂದು ಕೈ ಒತ್ತಿ ಹಿಡಿದಳು. ನಾನು ಸಮಾಧಾನ ಹೇಳಿದಷ್ಟೂ ಅವರ ಸಿಟ್ಟು ಏರಿತು. ಡಾಕ್ಟರು ಬಂದು ನೋಡಿ, "ಇನ್ನು ಕಾಯೋದು ಬೇಡ" ಅಂದರು. ಹೊರಗೆ ಜೀಪು ಬಂದು ನಿಂತ ಸದ್ದು.

ಅಣ್ಣನೂ ಡ್ರೈವರನೂ ಅಪ್ಪನನ್ನು ಎತ್ತಲು ಬಗ್ಗಿದಾಗ ಅವ್ವ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಎತ್ತು..." ಅಂದರು ಅಪ್ಪ, ಈಗ ದನಿಯಿಲ್ಲದೆ.

ಅವ್ವ ಡಬ್ಬಿ ಕೆಳಗಿಟ್ಟಳು. "ಡಾಕ್ಟರ್ ಸಾಬ್ರ, ಇವ್ರಿಗೇನು ಆಗೈತಿ ಅಂದ್ರಿ?"

"ಡಿಲಿರಿಯಂ ಅಮ್ಮ. ಭ್ರಮೆ."

"ಈ ಮಾತು ಇವ್ರ ಎದುರಿಗೇ ಅಂದಿದ್ರೇನ್ರಿ?"

"ಹೌದು."

"ಹಂಗಾರ ಅದರ ಹುಟ್ಟು ಹೇಳಾಕತ್ತಾರ್ರೀ. ಸಾಲು ಹಿಡಿದು ಹೊಂಟ ಎತ್ತು ಸಾಲು ಬಿಟ್ಟು ಅಡ್ಡ ಹೋತು ಅಂದ್ರ ಅದಕ್ಕ ಆ ಮಾತು ಅಂತಿದ್ರಂತ, ಆಮ್ಯಾಲ ತಲಿ ಕೆಟ್ಟವ್ರಿಗೆ ಅನ್ನಾಕತ್ತಿದ್ರಂತ. ನಾ ರೊಟ್ಟಿ ಬಡಕೋತ ಕೇಳೀನಿ. ಬಿಡಪಾ ತಮ್ಮ, ಎತ್ತಬ್ಯಾಡ."

"ಅವ್ವ, ಹೊತ್ತು ಹೊಂಟೈತಿ" ಎಂದ ಅಣ್ಣ, ಅಪ್ಪನ ತೋಳಿನ ಕೆಳಗಿನ ಕೈ ತೆಗೆಯದೆ.

ಡಾಕ್ಟರು ಕೈ ತೋರಿಸಿ ಅಣ್ಣನನ್ನು ತಡೆದರು. "ಹಳೇದು ನೆನಪಿದ್ರೆ ಸಾಲದಮ್ಮ. ಈಗಿನ ತಿಳಿವು ಬೇಕು." ಅವರು ಬಗ್ಗಿ ಕೇಳಿದರು, "ಮೇಷ್ಟ್ರೇ, ಎಲ್ಲಿದ್ದೀರಿ ಹೇಳಿ."

ಅಪ್ಪ ಕಣ್ಣು ತೆರೆಯಲಿಲ್ಲ. ಸಲಾಯಿನ್ ಹನಿ ಬೀಳುವುದನ್ನೇ ನೋಡುತ್ತಿದ್ದೆ. ಡ್ರೈವರ ಅಣ್ಣನ ಮುಖ ನೋಡಿದ. ಅವ್ವ ಮಂಚದ ತುದಿಗೆ ಕುಳಿತು, ಪಾದ ಹಿಡಿದು, ಮೆಲ್ಲಗೆ ಅಂದಳು:

"ನಿಮ್ಮ ಉತ್ತರ ಖರೇ ಐತ್ರಿ. ಡಾಕ್ಟರ್ ಸಾಬ್ರು ಕೇಳಿದ್ದಕ್ಕೂ ಒಂದು ಹೇಳ್ರಿ."

ಅಪ್ಪನ ಕಣ್ಣು ಅರೆ ತೆರೆಯಿತು.

"ಲಿಂಗಸೂರು," ಅಂದರು. "ದವಾಖಾನಿ. ನಿನ್ನೆ ಬಂದೀವಿ."

ಡಾಕ್ಟರು ಮತ್ತೆ ನಾಡಿ ಹಿಡಿದರು, ಟಾರ್ಚು ಬಿಟ್ಟು ಕಣ್ಣು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಜೀಪು ವಾಪಸ್ ಕಳಿಸಿ. ನಾಳೆ ನೋಡೋಣ" ಅಂದರು.

ಅವ್ವ ಚಮಚೆಯಲ್ಲಿ ಗಂಜಿ ಆರಿಸತೊಡಗಿದಳು. ನಾನು ಬಟ್ಟೆ ಹಿಂಡಿ ಮತ್ತೆ ಹಣೆಗೆ ಹಾಕಿದೆ. ಅಪ್ಪ ನನ್ನ ಕಡೆ ನೋಡಿದರು, ಮಸುಕು ಕಣ್ಣಿನಿಂದಲೇ.

"ಎರಡು ಸಲ ತಪ್ಪು ಹೇಳಿದಿ. ಕಡೀ ರೊಟ್ಟಿ ನಿನಗ."