ಜಡೆಯ ದೊರೆಯ ವಯಸ್ಸು

ಬೆಳಿಗ್ಗೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ತಮ್ಮ ಹೋರಿಯ ಫ್ಲೆಕ್ಸ್ ಮಾಡಿಸಲೆಂದು ಫೋಟೋ ಕೊಟ್ಟು, ಕೈಯಲ್ಲಿದ್ದ ಕೊಬ್ಬರಿ ಹಾರವನ್ನು ನನ್ನ ಮೇಜಿನ ಮೇಲೆಯೇ ಮರೆತು ಹೋದರು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ನನ್ನ ಅಂಗಡಿಯಲ್ಲಿ ಫ್ಲೆಕ್ಸ್ ಬಣ್ಣದ ವಾಸನೆ ಬಿಟ್ಟು ಬೇರೇನೂ ಸುಳಿಯುವುದಿಲ್ಲ. ತಲೆನೋವು ತರಿಸುವ ವಾಸನೆ ಅದು, ನನಗೆ ಅನ್ನ ಹಾಕುವ ವಾಸನೆಯೂ ಹೌದು. ಅದನ್ನೂ ಮೀರಿ ಒಣಕೊಬ್ಬರಿ ಘಮ್ಮೆಂದಿತು. ನನಗೆ ತಂಗಿಯ ಮಗಳು ಚೈತ್ರಾಳ ಆಟ ನೆನಪಾಯಿತು.

ಆಟ ಎಂದರೆ ಮೊಬೈಲಿನಲ್ಲಿ ಆಡುವ ಆಟ. ನಮ್ಮ ಕಡೆಯ ಹೋರಿ ಹಬ್ಬ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಇಷ್ಟು ತಿಳಿದರೆ ಸಾಕು: ದೀಪಾವಳಿ ಕಳೆದ ಮೇಲೆ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಕೊಬ್ಬರಿ ಹರಿದವನು ಗೆದ್ದ. ಯಾರ ಕೈಗೂ ಕೊಡದೆ ದಾಟಿದರೆ ಹೋರಿ ಗೆದ್ದಿತು. ಒಂದು ವರ್ಷ ಕಾಲು ಮುರಿದುಕೊಂಡವರು ಮರುವರ್ಷ ಕುಂಟುತ್ತಾ ಬಂದು ನಿಲ್ಲುತ್ತಾರೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಫ್ಲೆಕ್ಸ್ ಮಾಡುವವನು, ವಿಶೇಷಣಗಳ ವ್ಯಾಪಾರಿ.

ಚೈತ್ರಾ ಕಂಪ್ಯೂಟರ್ ಓದಿದವಳು. ಈ ಹಬ್ಬವನ್ನೇ ಆಟ ಮಾಡುತ್ತೇನೆಂದು ಹೊರಟಳು. ಹಬ್ಬದಲ್ಲಿ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಅವಳ ಆಟದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟು, ಮೊದಲು ದಾಟಿದ್ದಕ್ಕೆ ಗೆಲುವು.

"ಮಾವ, ನಮ್ಮ ಸೀಮೆಯ ಹೋರಿಗಳೆಲ್ಲ ನಿಮ್ಮ ಕಂಪ್ಯೂಟರ್‌ನಾಗೇ ಅದಾವು. ಹೆಸರು, ಊರು, ವಯಸ್ಸು, ವೇಗ, ಎಲ್ಲ ಒಂದು ಎಕ್ಸೆಲ್‌ನಾಗ ಹಾಕಿ ಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ" ಎಂದಳು.

ಮುಂದಿನದು ಏನೆಂದರೆ, ಆಟಕ್ಕೆ ಎಕ್ಸೆಲ್ ಓದಲು ಬರುವುದಿಲ್ಲವಂತೆ. ಪ್ರತಿ ಹೋರಿಯನ್ನೂ ಆವರಣ ಚಿಹ್ನೆಗಳ ನಡುವೆ ಕೂಡಿಹಾಕಿ, ಅದರ ಗುಣಗಳನ್ನು ಹೆಸರು ಹೇಳಿ ಬರೆದಿಟ್ಟ ಬೇರೆಯದೇ ಫೈಲು ಬೇಕು. ಅದಕ್ಕೆ ಬದಲಾಯಿಸಿಕೊಡುವ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ದನ ಹೊಡೆದ ಹಾಗೆ, ದಾರಿಯಲ್ಲಿ ಒಂದೆರಡು ತಪ್ಪಿಸಿಕೊಳ್ಳುವುದು ಇದ್ದೇ ಇರುತ್ತದೆ. ಮೊದಲ ಸಲ ಅಕ್ಷರಗಳೇ ತಪ್ಪಿಸಿಕೊಂಡವು. ಫ್ಲೆಕ್ಸಿನ ಹಳೇ ಫಾಂಟಿನಲ್ಲಿ ನಾನು ಟೈಪ್ ಮಾಡಿದ್ದ 'ತಾಳಗುಂದದ ತೂಫಾನ್' ಆ ಕಡೆ ಹೋಗುವಷ್ಟರಲ್ಲಿ ಇರುವೆ ಸಾಲಾಗಿತ್ತು. ಅದೇ ತಾಳಗುಂದದಲ್ಲಿ ನೂರಾರು ವರ್ಷದ ಹಿಂದೆ ಕಲ್ಲಿನ ಮೇಲೆ ಕೆತ್ತಿದ್ದನ್ನು ಇವತ್ತಿಗೂ ಓದುತ್ತಾರೆ. ನಾನು ಬರೆದದ್ದು ಒಂದು ಮಧ್ಯಾಹ್ನವೂ ಬಾಳಲಿಲ್ಲ.

ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ವೇಗಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಹೋರಿಯ ಯಜಮಾನರನ್ನೇ ಕೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಮರೆತಿದ್ದೆ. ಎಲ್ಲರೂ ಹತ್ತು ಎಂದರು. ತೂಫಾನ್‌ನ ಯಜಮಾನ ರುದ್ರಪ್ಪನವರು ಮಾತ್ರ, "ಹನ್ನೊಂದು ಹಾಕ್ರಿ, ಏನಾಗ್ತೈತಿ?" ಎಂದರು. ನಾನು ಹತ್ತೇ ಹಾಕಿದೆ. ಆಟದಲ್ಲಿ ಹೋರಿಗಳೆಲ್ಲ ಕವಾಯತು ಮಾಡುವ ಪೊಲೀಸರಂತೆ ಒಂದೇ ಸಾಲಿನಲ್ಲಿ ಓಡಿದವು. ಯಾರೂ ಗೆಲ್ಲಲಿಲ್ಲ.

ಆಗ ನಾನು ಬುದ್ಧಿ ಉಪಯೋಗಿಸಿದೆ. ಒಬ್ಬರ ಹೋರಿಗೆ ಉಳಿದವರಿಂದ ಅಂಕ ಕೇಳಿದೆ. ಎಲ್ಲರೂ ಎರಡು ಎಂದರು. ಈಗ ಒಂದು ಹೋರಿಯೂ ನಿಂತಲ್ಲಿಂದ ಕದಲಲಿಲ್ಲ. ಮೆಲುಕು ಹಾಕುವುದೊಂದು ಬಾಕಿ. ಚೈತ್ರಾ ನಿಟ್ಟುಸಿರಿಟ್ಟು, ಹತ್ತನ್ನೂ ಎರಡನ್ನೂ ಕೂಡಿಸಿ ಅರ್ಧ ಮಾಡಿದಳು. ಎಲ್ಲವಕ್ಕೂ ಆರು ಬಂತು. ಮತ್ತೆ ಅದೇ ಕವಾಯತು, ಸ್ವಲ್ಪ ನಿಧಾನ.

ಒಂದು ಹೋರಿ ಬಿಟ್ಟು. ಅದು ಎಲ್ಲಕ್ಕಿಂತ ಕೊನೆಗೆ ಪಟ್ಟಿಗೆ ಸೇರಿದ, ಸೊರಬದ ಕಡೆಯ ಜಡೆ ಎಂಬ ಊರಿನ 'ಜಡೆಯ ದೊರೆ'. ಅದು ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು. ಮಾಹಿತಿಗೆಂದು ನಾನು ಜಡೆಗೆ ಹೋದಾಗ, ಅದನ್ನು ಸಾಕಿದ್ದ ಗಿರಿಜಮ್ಮ ಮಜ್ಜಿಗೆ ಕೊಟ್ಟು ಕೂರಿಸಿ, "ವೇಗಕ್ಕೆ ಏಳು ಹಾಕಿ. ಬಲಗಾಲು ಸ್ವಲ್ಪ ಎಳೀತಿತ್ತು" ಎಂದರು. ವಯಸ್ಸು ಕೇಳಿದೆ. "ಸತ್ತದ್ದಕ್ಕೆ ಎಂಥ ವಯಸ್ಸು, ಬಿಡಿ" ಎಂದರು. ನಾನು ಎಕ್ಸೆಲ್ ಹಾಳೆಯಲ್ಲಿ ವಯಸ್ಸಿನ ಮನೆಯನ್ನು ಖಾಲಿ ಬಿಟ್ಟೆ. ಹೊರಡುವಾಗ ಅವರು, "ಅದು ಓಡೋದನ್ನ ನಾನು ಒಂದ್ಸಲಾನೂ ನೋಡ್ಲಿಲ್ಲ ಮಾರಾಯ್ರೆ. ಹಬ್ಬದ ದಿನ ಹೆದರಿಕೊಂಡು ದೇವರ ಮುಂದೆ ಕೂತಿರ್ತಿದ್ದೆ. ನಿಮ್ಮ ಆಟದಾಗಾದ್ರೂ ಓಡಿದ್ರೆ ತೋರ್ಸಿ" ಎಂದರು. ನಾನು ಖಂಡಿತ ಎಂದೆ. ಫ್ಲೆಕ್ಸಿನವರ ಬಾಯಲ್ಲಿ ಖಂಡಿತ ಎಂಬುದು ಬೇಗ ಬರುತ್ತದೆ.

ಈ ದೊರೆಗೆ ಉಳಿದವರು ಕೊಟ್ಟ ಅಂಕ ಎರಡಲ್ಲ. ಹೋದ ಜೀವಕ್ಕೆ ಹೆಸರು ಇಡಬಾರದೆಂದು ಎಲ್ಲರೂ ಧಾರಾಳವಾಗಿ ಹತ್ತು ಕೊಟ್ಟಿದ್ದರು, ರುದ್ರಪ್ಪನವರೂ ಸೇರಿ. ಏಳು, ಹತ್ತು ಕೂಡಿಸಿ ಅರ್ಧ ಮಾಡಿದರೆ ಎಂಟೂವರೆ. ಬದುಕಿರುವ ಆರುಗಳ ನಡುವೆ ಸತ್ತ ಎಂಟೂವರೆ ಓಡಿದರೆ ಏನಾದೀತು? ಪ್ರತಿ ಸಲವೂ ದೊರೆಯೇ ಗೆದ್ದಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಖಾಲಿ ಬಿಟ್ಟ ವಯಸ್ಸನ್ನು ಪ್ರೋಗ್ರಾಮು ಸೊನ್ನೆ ಮಾಡಿಕೊಂಡಿತ್ತು, ಆಟವೋ ವಯಸ್ಸು ನೋಡಿ ಮೈ ಅಳತೆ ಕೊಡುತ್ತಿತ್ತು. ಹಾಗಾಗಿ ಸೀಮೆಯ ದೈತ್ಯ ಹೋರಿಗಳನ್ನೆಲ್ಲ ಹಿಂದೆ ಹಾಕಿ, ತನಗಿಂತ ದೊಡ್ಡ ಕೊಬ್ಬರಿ ಹಾರ ಹೊತ್ತುಕೊಂಡು ಮೊದಲು ದಾಟುತ್ತಿದ್ದುದು ಒಂದು ಎಳಗರು.

ರುದ್ರಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. "ಕರುವಿನ ಮುಂದ ನಮ್ಮ ತೂಫಾನ್ ಸೋಲೋದೇನ್ರೀ? ಅದೂ ಸತ್ತಿದ್ದು! ಅದನ್ನ ತೆಗೀರಿ, ಇಲ್ಲಾ ನಮ್ಮದನ್ನ ತೆಗೀರಿ."

ನಾನು ಎಕ್ಸೆಲ್ ತೆರೆದು ಅವರೇ ಕೊಟ್ಟ ಹತ್ತನ್ನು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. "ಸತ್ತೈತಲ್ಲ ಅಂತ ಕೊಟ್ಟಿದ್ವಪ್ಪ. ಓಡ್ತೈತಿ ಅಂತ ಯಾರಿಗೆ ಗೊತ್ತಿತ್ತು?" ಎಂದರು. ಕೊಟ್ಟದ್ದನ್ನು ವಾಪಸು ಕೇಳಲು ಬಾಯಿ ಬರದೆ, ವಯಸ್ಸನ್ನಾದರೂ ಸರಿ ಮಾಡಿ ಎಂದು ಹೇಳಿ ಹೋದರು.

ಸರಿ ಮಾಡುವುದು ಸುಲಭವಿತ್ತು. ಆದರೆ ವಯಸ್ಸು ಗಿರಿಜಮ್ಮನವರೇ ಹೇಳಬೇಕು. ಚೈತ್ರಾಳನ್ನು ಕರೆದುಕೊಂಡು ಸೊರಬದ ಬಸ್ಸು ಹತ್ತಿದೆ. ಜಡೆ ಮುಟ್ಟುವವರೆಗೂ ನನಗೆ ಹೆದರಿಕೆಯೇ. ಊರೂರು ಹೆಸರು ಮಾಡಿದ ಹೋರಿಯನ್ನು ಕರು ಮಾಡಿ ತಂದು ತೋರಿಸಿದರೆ ಆ ತಾಯಿಯ ಮನಸ್ಸು ಏನಾದೀತು?

ಗಿರಿಜಮ್ಮ ಕೈ ಒರೆಸಿಕೊಂಡು ಬಂದು ಕೂತರು. ಆಟದಲ್ಲಿ ಜನ ಕೂಗುವ ಸದ್ದು ಬಂದದ್ದೇ ತಡ, ಕಣ್ಣು ಮುಚ್ಚಿಕೊಂಡುಬಿಟ್ಟರು.

"ಕಣ್ಣು ಬಿಡ್ರಿ ಅಮ್ಮ, ಏನೂ ಆಗಂಗಿಲ್ಲ" ಎಂದಳು ಚೈತ್ರಾ.

ಬಿಟ್ಟರು. ಪುಟ್ಟ ಕರು ಕಾಲುಗಳ ಕಾಡಿನ ನಡುವೆ ನುಗ್ಗಿ ಹೋಗಿ ದಾಟಿತು. ಗಿರಿಜಮ್ಮ ಮೊಬೈಲಿಗೆ ಇನ್ನೂ ಹತ್ತಿರ ಬಗ್ಗಿದರು. ಆಮೇಲೆ, "ಇನ್ನೊಂದ್ಸಲ ಬಿಡು" ಎಂದರು. ಮತ್ತೆ ಬಿಟ್ಟೆವು, ಮತ್ತೆ ದಾಟಿತು.

"ವಯಸ್ಸು ಖಾಲಿ ಇತ್ತಲ್ರಿ, ಅದಕ್ಕೆ ಕರು ಆಗೈತಿ. ಎಷ್ಟಂತ ಹೇಳ್ರಿ, ಈಗಲೇ ದೊಡ್ಡದು ಮಾಡ್ತೀನಿ" ಎಂದಳು ಚೈತ್ರಾ, ತಪ್ಪು ಮಾಡಿದವಳಂತೆ.

"ಬೇಡ ತಂಗಿ. ದೊಡ್ಡದಾದ ಮೇಲೆ ಅದು ಊರಿನದಾಯ್ತು. ಇಷ್ಟಿದ್ದಾಗ ನಂದಾಗಿತ್ತು."

ಚೈತ್ರಾ ಮೊಬೈಲನ್ನು ಅವರ ಕೈಗೇ ಕೊಟ್ಟಳು.

ಈಗ ಅವಳು ಪ್ರೋಗ್ರಾಮನ್ನು ಬಿಗಿ ಮಾಡಿದ್ದಾಳೆ. ಖಾಲಿ ಮನೆ ಕಂಡಲ್ಲಿ ನಿಂತು, ಏನು ತುಂಬಲಿ ಎಂದು ಕೇಳುತ್ತದೆ. ಇವತ್ತು ಸಂಜೆ, ಬೆಳಿಗ್ಗೆಯ ಆ ಗಿರಾಕಿ ಹಾರ ಹುಡುಕಿಕೊಂಡು ಬಂದವರು, ತಮ್ಮ ಹೋರಿಯನ್ನೂ ಆಟಕ್ಕೆ ಸೇರಿಸಿ ಎಂದರು. ವೇಗ ಹತ್ತು ಎಂದರು. ನಾನೀಗ ವಾದ ಮಾಡುವುದಿಲ್ಲ, ಹಾಕಿದೆ. ಫೈಲು ಬದಲಾಗುತ್ತಾ ಹೋಗಿ ದೊರೆಯ ಸಾಲಿನಲ್ಲಿ ನಿಂತು, ವಯಸ್ಸಿಗೆ ಏನು ತುಂಬಲಿ ಎಂದು ಕೇಳಿತು; ಖಾಲಿಯೇ ಇರಲಿ ಎಂದು ಒತ್ತಿದೆ. ಅವರು ಬಗ್ಗಿ ನೋಡಿದರು. ಆ ಕರುವಿನ ಸುದ್ದಿ ಅವರಿಗೂ ಗೊತ್ತಿತ್ತು.

"ನಮ್ಮದಕ್ಕೂ ವಯಸ್ಸು ಖಾಲಿ ಬಿಡ್ರಲ್ಲ, ಗೆದ್ರೂ ಗೆಲ್ತೈತಿ."

"ನಿಮ್ಮದಿನ್ನೂ ಕೊಟ್ಟಿಗಿಯಾಗ ಐತಲ್ರೀ" ಎಂದೆ. "ಮನೀಗೆ ಹೋಗಿ ಅದರ ಮೈ ಸವರ್ರಿ."