ನಾನು ಕದ್ದು ಹಾಕಿದ ಉಪ್ಪು

ಅವರ ಪಾದದ ಮೇಲೆ ನನ್ನ ಹೆಬ್ಬೆರಳಿನ ಗುರುತು ಹಾಗೇ ನಿಂತುಬಿಟ್ಟಿತು.

ನಮ್ಮವರು ಮಗ್ಗದ ಗುಂಡಿಯಿಂದ ಕಾಲೆತ್ತಿಕೊಂಡು ಮೇಲೆ ಬಂದು, "ಕಾಲು ಬಾರ ಆಗೈತೆ ಸರೋಜಾ, ವಸಿ ಅಮುಕು" ಅಂದಿದ್ದರು. ಎಣ್ಣೆ ಹಚ್ಚಿ ಒತ್ತಿದೆ. ಕೈ ತೆಗೆದೆ. ಒತ್ತಿದ ಜಾಗ ಮೇಲೇಳಲಿಲ್ಲ. ಕಲಸಿಟ್ಟ ಹಿಟ್ಟಿನಲ್ಲಿ ಬೆರಳು ಇಟ್ಟ ಹಾಗೆ ತಗ್ಗು ಬಿದ್ದಿತ್ತು.

ಅದಕ್ಕೂ ಹದಿನೈದು ದಿನ ಮೊದಲೇ ಅವರಿಗೆ ಮಲಗಲು ಒಂದು ದಿಂಬು ಸಾಲದೆ ಮೂರು ಬೇಕಾಗಿದ್ದವು. ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದರೆ ಮೇಲುಸಿರು. ಐವತ್ತೆಂಟು ವರ್ಷ, ಅದರಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕೂತ ಮೈ, ಇಷ್ಟಾದರೂ ಆಗದೆ ಇರುತ್ತದೆಯೇ ಅಂದುಕೊಂಡಿದ್ದೆವು. ಆ ತಗ್ಗು ನೋಡಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಆವತ್ತೇ ಸೇಲಂನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ ಮಾಡಿದರು, ಎಕೋ ಮಾಡಿದರು, ರಕ್ತ ತೆಗೆದರು.

"ಹಾರ್ಟ್ ಫೇಲ್ಯೂರ್" ಅಂದರು ಡಾಕ್ಟರು.

ನನಗೆ ಕೇಳಿಸಿದ್ದು ಫೇಲ್ ಅನ್ನೋದೊಂದೇ. ಮುಗಿಯಿತು ಅಂದುಕೊಂಡೆ. ಆ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ನನ್ನ ಮುಖ ನೋಡಿ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಹೃದಯ ನಿಂತಿಲ್ಲ, ಸೋತಿದೆ. ರಕ್ತ ತಳ್ಳುವ ಶಕ್ತಿ ಕಡಿಮೆಯಾಗಿದೆ. ಅದಕ್ಕೆ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತಿದೆ. ಮಾತ್ರೆ ಕೊಡುತ್ತೇನೆ, ಆದರೆ ಮಾತ್ರೆಯಷ್ಟೇ ಮುಖ್ಯ ಊಟ. ಆಮೇಲೆ ಕೇಳಿದರು:

"ವೀಟುಲ ಸಮಯಲ್ ಯಾರು?"

ಮನೆಯಲ್ಲಿ ಅಡುಗೆ ಯಾರದು ಅಂತ. ನಾನು ಹೆಮ್ಮೆಯಿಂದಲೇ ನಂದು ಅಂದೆ.

ಆ ಹೆಮ್ಮೆಗೆ ಕಾರಣವಿತ್ತು. ನಮ್ಮ ಬೀದಿಯಲ್ಲಿ ನೇಯುವ ಕನ್ನಡದವರ ಮನೆಗಳೇ ಹೆಚ್ಚು. ಯಾರ ಮನೆಯಲ್ಲಿ ಸೀಮಂತವಾಗಲಿ, ನಿಶ್ಚಿತಾರ್ಥವಾಗಲಿ, ಹುಳಿಗೆ ಉಪ್ಪು ಖಾರ ನೋಡಲು ಸರೋಜಕ್ಕನನ್ನು ಕರೆಯುತ್ತಿದ್ದರು. ನನ್ನ ಮಾವಿನಕಾಯಿ ಉಪ್ಪಿನಕಾಯಿ ಮೆಟ್ಟೂರಿನವರೆಗೂ ಹೋಗುತ್ತಿತ್ತು. ಮಜ್ಜಿಗೆ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ವರ್ಷಕ್ಕಾಗುವಷ್ಟು ಮಾಡಿಡುತ್ತಿದ್ದೆ. ಡಾಕ್ಟರು ದಿನವೂ ಏನೇನು ತಿನ್ನುತ್ತಾರೆ ಅಂತ ಕೇಳಿ ಕಾಗದದಲ್ಲಿ ಬರೆದುಕೊಂಡರು. ಬರೆದು ಒಂದೊಂದನ್ನೇ ಹೊಡೆದುಹಾಕಿದರು. ಉಪ್ಪಿನಕಾಯಿ. ಹಪ್ಪಳ. ಸಂಡಿಗೆ. ಮಜ್ಜಿಗೆ ಮೆಣಸಿನಕಾಯಿ. ಉಪ್ಪು ಹಾಕಿದ ಮಜ್ಜಿಗೆ.

ಮೂವತ್ತನಾಲ್ಕು ವರ್ಷದ ನನ್ನ ಸಂಸಾರವನ್ನೇ ಗೀಟು ಹಾಕಿದ ಹಾಗಾಯಿತು.

ಮನೆಗೆ ಬಂದ ಮೇಲೆ ಹೊಸ ದಿನಚರಿ. ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿ ಬಂದ ತಕ್ಷಣ, ಏನೂ ತಿನ್ನುವ ಮೊದಲು, ತೂಕದ ಮಿಷನ್ ಮೇಲೆ ನಿಲ್ಲಬೇಕು. ಬರೆದಿಡಬೇಕು. ಎರಡು ಮೂರು ದಿನದಲ್ಲಿ ತೂಕ ಏರಿದರೆ ಅದು ಕೊಬ್ಬಲ್ಲ, ನೀರು. ಆಸ್ಪತ್ರೆಗೆ ಫೋನ್ ಮಾಡಬೇಕು. ಕುಡಿಯುವ ನೀರಿಗೂ ಅಳತೆ. ಕಾಫಿ, ಸಾರು ಎಲ್ಲಾ ಅದರಲ್ಲೇ ಲೆಕ್ಕ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪನ್ನು ಡಾಕ್ಟರಮ್ಮನಿಗೆ ಒಯ್ದು ತೋರಿಸಿದೆ. ಇವರ ಮಾತ್ರೆಗೆ ಅದೂ ಆಗಿಬರುವುದಿಲ್ಲ, ನಮ್ಮನ್ನು ಕೇಳದೆ ಕೊಡಬೇಡಿ ಅಂದರು.

ನಾನು ಹಳೆಯ ಅಡುಗೆಯನ್ನೇ ಮಾಡಿದೆ, ಉಪ್ಪು ಬಿಟ್ಟು. ಅದೇ ಹುಳಿ, ಅದೇ ಪಲ್ಯ. ನಮ್ಮವರು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. "ಸೇರಾಕಿಲ್ಲ ಕಣೆ." ಹತ್ತು ದಿನಕ್ಕೆ ಕೆನ್ನೆ ಒಳಕ್ಕೆ ಹೋಯಿತು.

ಆಗ ಬಂದಳು ಪುಷ್ಪ.

ಪುಷ್ಪ ನನ್ನ ಓರಗಿತ್ತಿ, ಮೈದುನ ಮುರುಗೇಶನ ಹೆಂಡತಿ. ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಭಾಗ ಮಾಡಿಕೊಂಡಿದ್ದೇವೆ. ಹಿತ್ತಿಲು ಒಂದೇ. ಧರ್ಮಪುರಿ ಕಡೆಯ ಹಳ್ಳಿಯ ಹುಡುಗಿ, ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ. ಅವಳ ಅಡುಗೆ ಸಪ್ಪೆ ಅಂತ ನಾನು ಇಟ್ಟಿದ್ದ ಹೆಸರು "ಬಾಣಂತಿ ಸಾರು". ನೆಂಟರ ಮುಂದೆ ಹೇಳಿ ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು, ಅಂತ ಅಂದುಕೊಂಡಿದ್ದೆ.

"ಅಕ್ಕಾ, ಬಾವಂಗೆ ವಸಿ ಸೋರೆಕಾಯಿ ಕೂಟು ಮಾಡ್ಕಂಡ್ ಬಂದಿವ್ನಿ. ಡಾಕ್ಟರು ಏಳಿದಂಗೇ, ಉಪ್ಪು ಇಲ್ಲ" ಅಂದಳು.

ಹೆಸರುಬೇಳೆಯ ಜೊತೆ ಬೇಯಿಸಿದ ಸೋರೆಕಾಯಿ. ಮೆಣಸು, ಜೀರಿಗೆಯನ್ನು ಎಣ್ಣೆಯಿಲ್ಲದೆ ಹುರಿದು ಆಗಷ್ಟೇ ಕುಟ್ಟಿ ಹಾಕಿದ್ದಳು. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆಹಣ್ಣು. ಸಾಮೆ ಅನ್ನದ ಮೇಲೆ ಬಿಸಿಬಿಸಿಯಾಗಿ ಬಡಿಸಿದಳು. ನಮ್ಮವರು ಒಂದು ತುತ್ತು ಬಾಯಿಗಿಟ್ಟರು. ತಲೆ ಎತ್ತಿದರು. ಇನ್ನೊಂದು ತುತ್ತು. ಕೊನೆಗೆ ತಟ್ಟೆಯನ್ನು ಬೆರಳಲ್ಲಿ ಬಳಿದರು.

"ಬಾಯಿಗೆ ಜೀವ ಬಂದಂಗಾಯ್ತು ಕಣಮ್ಮ ಪುಷ್ಪಾ."

ಗಂಡ ಊಟ ಮಾಡಿದ ಅಂತ ನಾನು ಸಂತೋಷಪಡಬೇಕಿತ್ತು. ಹತ್ತು ದಿನದಿಂದ ಅದಕ್ಕಾಗಿಯೇ ದೇವರಿಗೆ ಕೈ ಮುಗಿಯುತ್ತಿದ್ದೆ. ಆದರೆ ನಾನು ನೋಡುತ್ತಿದ್ದದ್ದು ಅವರ ಬೆರಳುಗಳನ್ನು. ಮೂವತ್ತನಾಲ್ಕು ವರ್ಷ ನನ್ನ ಅಡುಗೆಯನ್ನು ಬಳಿದ ಬೆರಳು. ಎದೆಯೊಳಗೆ ಬಿಸಿ ಎದ್ದಿತು. ಪಾತ್ರೆ ತೊಳೆದು ಕೊಡುತ್ತೇನೆ ಅಂತ ಒಳಗೆ ಒಯ್ದು, ಅವಳ ಆ ಪಾತ್ರೆಯನ್ನು ಬೇಕಿದ್ದಕ್ಕಿಂತ ಜೋರಾಗಿ ತಿಕ್ಕಿದೆ.

ದಿನವೂ ಒಂದೊಂದು ತಂದಳು. ಉಪ್ಪಿಲ್ಲದ ರಾಗಿ ಮುದ್ದೆಗೆ ಹಸಿ ಈರುಳ್ಳಿ, ಕೊತ್ತಂಬರಿ ಬೀಜದ ಸಾರು. ಶುಂಠಿ ಜಜ್ಜಿ ಹಾಕಿದ ನೀರು ಮಜ್ಜಿಗೆ, ಅದೂ ಅಳೆದು. ಹುರಿದ ಎಳ್ಳಿನ ಪುಡಿ. ನಮ್ಮವರ ಕೆನ್ನೆ ತುಂಬಿಕೊಂಡಿತು, ಕಾಲಿನ ಊತ ಇಳಿಯಿತು. ಒಂದು ದಿನ ನಾನು ತಡೆಯಲಾರದೆ ಕೇಳಿಬಿಟ್ಟೆ: "ನಂದ್ರಲ್ಲೂ ಉಪ್ಪಿಲ್ಲ, ಅವಳದ್ರಲ್ಲೂ ಉಪ್ಪಿಲ್ಲ. ಅವಳದು ಮಾತ್ರ ಎಂಗೆ ಸೇರ್ತೈತೆ?"

ಅವರು ಯೋಚಿಸಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿದರು. "ನೀನ್ ಮಾಡಿದ್ರಲ್ಲಿ ಉಪ್ಪಿಲ್ದಿರೋದು ಗೊತ್ತಾಗ್ತೈತೆ. ಅವಳು ಮಾಡಿದ್ರಲ್ಲಿ ಗೊತ್ತಾಗಾಕಿಲ್ಲ."

ಬೀದಿಗೂ ಸುದ್ದಿ ಹೋಯಿತು. ಬಿಪಿ ಇದ್ದವರು, ಸಕ್ಕರೆ ಇದ್ದವರು ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದು ಕಲ್ಲಿನ ಮೇಲೆ ಕೂತರು. "ಪುಷ್ಪಕ್ಕಾ, ಟಿಪ್ಸ್ ಸೊಲ್ಲುಂಗ", ಉಪಾಯ ಹೇಳಿಕೊಡಿ ಅನ್ನುತ್ತಿದ್ದರು. ಪುಷ್ಪ ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದಳು. ಬೇಯುವಾಗ ಹುಳಿ ಹಾಕಬೇಡಿ, ಕೊನೆಗೆ ಹಾಕಿ. ಮಸಾಲೆ ಡಬ್ಬಿಯದು ಬೇಡ, ಅದರಲ್ಲೇ ಉಪ್ಪಿರುತ್ತೆ. ಮಾತ್ರೆ ಬಿಟ್ಟು ಇದನ್ನೇ ನಂಬಬೇಡಿ. ಅವರೆಲ್ಲ ಒಂದು ಕಾಲಕ್ಕೆ ನನ್ನ ಬಾಗಿಲಿಗೆ ಬರುತ್ತಿದ್ದ ಹೆಂಗಸರು. ನಾನು ಬಚ್ಚಲಮನೆಯಲ್ಲಿ ಬಟ್ಟೆ ಒಗೆಯುತ್ತಾ ಕೇಳಿಸಿಕೊಂಡೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಮರುದಿನ ಮಧ್ಯಾಹ್ನದ ಅಡುಗೆ ನಂದೇ ಅಂತ ಪುಷ್ಪಳಿಗೆ ಹೇಳಿ ಕಳಿಸಿದೆ. ಹುರುಳಿಕಾಳಿನ ಸಾರು ಮಾಡಿದೆ. ಕುದಿಯುತ್ತಿತ್ತು. ಕೈ ತಾನಾಗಿ ಡಬ್ಬಿಗೆ ಹೋಯಿತು ಅಂತ ಬರೆಯಬಹುದು. ಅದು ಸುಳ್ಳು. ನಾನು ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಚಿಟಿಕೆ ಉಪ್ಪು ಹಾಕಿದೆ.

ಅವರು ಎರಡು ಸಲ ಬಡಿಸಿಕೊಂಡರು. "ಇವತ್ತು ಚೆಂದಾಗೈತೆ ಸರೋಜಾ."

ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ಆವತ್ತು ನಾನು ಹೂವು ಮುಡಿದುಕೊಂಡೆ.

ಚಿಟಿಕೆ ಎರಡು ಚಿಟಿಕೆಯಾಯಿತು. ಆಮೇಲೆ ಅರ್ಧ ಚಮಚ. ಗೆಲ್ಲುತ್ತಿದ್ದೇನೆ ಅನ್ನಿಸುವಾಗ ಕೈ ಅಳತೆ ಮರೆಯುತ್ತದೆ. ಬೆಳಗಿನ ತಿಂಡಿ ಪುಷ್ಪಳದು, ಮಧ್ಯಾಹ್ನ ನಂದು. ತೂಕ ಮುಕ್ಕಾಲು ಕಿಲೋ ಏರಿದಾಗ ಹೊಟ್ಟೆ ತುಂಬ ಉಂಡಿದ್ದಾರೆ ಅಂದುಕೊಂಡೆ. ಮರುದಿನ ಇನ್ನೊಂದು ಕಿಲೋ. ನಾನು ಬರೆಯಲಿಲ್ಲ. ಹಿಂದಿನ ದಿನದ ಅಂಕಿಯನ್ನೇ ಮತ್ತೆ ಬರೆದೆ.

ಐದನೆಯ ದಿನ ಬೆಳಿಗ್ಗೆ ಅವರು ಹಲ್ಲುಜ್ಜುತ್ತಾ ಗೋಡೆ ಹಿಡಿದು ಕೂತುಬಿಟ್ಟರು. ಉಸಿರು ಎಳೆದರೆ ಗೊರಗೊರ ಶಬ್ದ. ತುಟಿಗೆ ಬೂದಿ ಬಣ್ಣ.

ಆಂಬುಲೆನ್ಸಿನಲ್ಲಿ ಆಕ್ಸಿಜನ್ ಹಾಕಿದರು. ಆಸ್ಪತ್ರೆಯಲ್ಲಿ ನೀರು ಇಳಿಸುವ ಇಂಜೆಕ್ಷನ್. ಐಸಿಯು ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ನಾನು, ಮುರುಗೇಶ, ಪುಷ್ಪ.

ಡಾಕ್ಟರಮ್ಮ ಬಂದರು. ಉಪ್ಪು ಎಲ್ಲಿಂದಲೋ ಒಳಗೆ ಹೋಗಿದೆ, ಏನು ಕೊಟ್ಟಿರಿ ಅಂತ ಕೇಳಿದರು. ಮುರುಗೇಶ ಹೆಂಡತಿಯ ಕಡೆ ತಿರುಗಿದ.

"ಲೇ, ನೀನೇನ್ ಆಕ್ದೆ? ಊರಿಗೆಲ್ಲ ಬುದ್ಧಿ ಏಳ್ತಿದ್ದಲ್ಲ, ನಮ್ಮಣ್ಣಂಗೇನ್ ಕೊಟ್ಟೆ ನೀನು?"

ಪುಷ್ಪ ಬೆರಳು ಮಡಿಸುತ್ತಾ ಎಣಿಸಿದಳು. ಸೋಮವಾರ ಮುದ್ದೆ. ಮಂಗಳವಾರ ಸಾಮೆ ಉಪ್ಪಿಟ್ಟು. ಬುಧವಾರ... ಕೊತ್ತಂಬರಿ ಪುಡಿ ಅಂಗಡಿಯದಾ ಅಂತ ಡಾಕ್ಟರು ಕೇಳಿದರೆ, ಇಲ್ಲ, ನಾನೇ ಕುಟ್ಟಿದ್ದು ಅಂದಳು. ಆಮೇಲೆ ತನ್ನನ್ನೇ ಅನುಮಾನಿಸತೊಡಗಿದಳು. "ಒರಳಲ್ಲೇನಾದ್ರೂ ಉಪ್ಪು ಅಂಟಿತ್ತೋ ಏನೋ..."

ನಾನು ಸುಮ್ಮನಿದ್ದೆ.

ಒಳಗೆ ಗಂಡ ಉಸಿರಿಗೆ ಒದ್ದಾಡುತ್ತಿದ್ದಾಗ, ನನ್ನ ಮನಸ್ಸಿನ ಒಂದು ಮೂಲೆಗೆ ಪುಷ್ಪ ಹಾಗೆ ತಲೆ ತಗ್ಗಿಸಿ ನಿಂತದ್ದು ಹಿತವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಈ ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಕಾಯಿಲೆ ನಮ್ಮವರ ಹೃದಯಕ್ಕೆ ಬಂದಿತ್ತು ಅಂತ ಎಲ್ಲರೂ ತಿಳಿದಿದ್ದರು. ಆ ಕಾರಿಡಾರಿನಲ್ಲಿ ನನ್ನದೂ ನನಗೆ ಕಾಣಿಸಿತು.

ಪುಷ್ಪ ಅಳಲಿಲ್ಲ. ಸೆರಗಿನ ತುದಿ ಹಿಡಿದು ಡಾಕ್ಟರಿಗೆ ಹೇಳಿದಳು, "ತಪ್ಪು ನಂದೇ ಇರಬೋದು ಡಾಕ್ಟರ್. ಇನ್ಮೇಲೆ ನಾನು ಮಾಡಾಕಿಲ್ಲ."

ಆಗ ನನ್ನ ಬಾಯಿ ತೆರೆಯಿತು. "ಅವಳಲ್ಲ. ನಾನು ಆಕಿದ್ದು."

ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಡಾಕ್ಟರು ಎಷ್ಟು, ಎಷ್ಟು ದಿನ ಅಂತ ಕೇಳಿ ಬರೆದುಕೊಂಡರು. ತೂಕ ಸುಳ್ಳು ಬರೆದದ್ದನ್ನೂ ಹೇಳಿದೆ. ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅಮ್ಮಾ, ಇನ್ನು ಒಂದು ದಿನ ತಡವಾಗಿದ್ದರೆ..." ಅಂದು ಒಳಗೆ ಹೋದರು. ಮುರುಗೇಶ ನೆಲ ನೋಡುತ್ತಾ ಕೂತ. ಪುಷ್ಪ ಎದ್ದು ಮೆಟ್ಟಿಲಿಳಿದು ಹೋದಳು. ಬಸ್ಸು ಹತ್ತಿ ಒಬ್ಬಳೇ ಮನೆಗೆ ಹೋದಳಂತೆ.

ಮೂರನೆಯ ದಿನ ನಮ್ಮವರನ್ನು ವಾರ್ಡಿಗೆ ತಂದರು. ಕಾಲು ಸಣ್ಣಗಾಗಿತ್ತು. ನಾನು ಕೈ ಹಿಡಿದು ಎಲ್ಲಾ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಅಂದರು:

"ನಂಗೆ ಗೊತ್ತಾಗ್ಲಿಲ್ಲ ಅನ್ಕಂಡ್ಯಾ? ನಾಲ್ಗೆ ಸತ್ತೋಗಿಲ್ಲ ಕಣೆ."

"ಗೊತ್ತಿದ್ದೂ ಯಾಕ್ ತಿಂದ್ರಿ?"

"ಆಸೆ ಇತ್ತು, ತಿಂದೆ. ನಿನ್ ಮೊಕಾನೂ ನೋಡ್ದೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಬ್ಬರೂ ಸೇರಿ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಸಾವನ್ನು ಬಾಗಿಲವರೆಗೆ ಕರೆತಂದಿದ್ದೆವು. "ನನ್ ಮೊಕ ನೋಡಕ್ಕೆ ಮೊದ್ಲು ನೀವಿರ್ಬೇಕಲ್ಲ" ಅಂದೆ. ಪಕ್ಕದ ಬೆಡ್ಡಿನವರು ತಿರುಗಿ ನೋಡಿದರು.

ಡಿಸ್ಚಾರ್ಜ್ ಆಗಿ ಬಂದು ನಾಲ್ಕು ದಿನವಾದರೂ ಪುಷ್ಪ ಹಿತ್ತಿಲಿಗೆ ಬರಲಿಲ್ಲ. ಐದನೆಯ ದಿನ ನಾನೇ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೂತುಕೋ ಅನ್ನಲಿಲ್ಲ. ನಿಂತೇ ಕ್ಷಮೆ ಕೇಳಿದೆ.

"ಬಾಣಂತಿ ಸಾರು ಅಂತ ನಗಾಡ್ತಿದ್ದಲ್ಲಕ್ಕಾ, ಅದ್ನ ಯಾಕ್ ಕಲ್ತೆ ಗೊತ್ತಾ?" ಅಂದಳು, ಮೊರದಿಂದ ಕಣ್ಣೆತ್ತದೆ. "ನಮ್ಮವ್ವಂಗೂ ಇದೇ ಕಾಯ್ಲೆ. ನಾನು ಅತ್ತು ಕರ್ದು ಉಪ್ಪಿಲ್ದಂಗೆ ಮಾಡಿ ಇಕ್ಕೋಳು. ನಮ್ಮಕ್ಕ ಪಾಪ ಅಂತ ಕದ್ದು ಉಪ್ಪಿನಕಾಯಿ ಕೊಡೋಳು. ಅವ್ವ ಸತ್ತೋದ್ಳು. ಅಕ್ಕನ್ ಮೇಲಿನ್ ಸಿಟ್ಟು ಇನ್ನೂ ಓಗಿಲ್ಲ ನಂಗೆ. ನಿನ್ ಮೇಲಿಂದು ಯಾವಾಗ್ ಓಗ್ತೈತೋ ಗೊತ್ತಿಲ್ಲ."

ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ಅವಳ ತಾಯಿ ಹೇಗೆ ಸತ್ತಳು ಅಂತ ಕೇಳಿರಲಿಲ್ಲ.

ಮೊರ ಪಕ್ಕಕ್ಕಿಟ್ಟು ಅವಳೇ ಎದ್ದಳು. "ನಾನಿನ್ನು ಮಾಡ್ಕೊಡಾಕಿಲ್ಲ. ನೀನೇ ಮಾಡು. ನಾನ್ ನಿಂತ್ಕಂಡ್ ನೋಡ್ತೀನಿ."

ಹಾಗೆ ನನ್ನ ಅಡುಗೆಮನೆಯಲ್ಲಿ, ಐವತ್ತನಾಲ್ಕನೆಯ ವಯಸ್ಸಿಗೆ, ನಾನು ಒಲೆ ಹಚ್ಚಲು ಕಲಿತೆ. ಜೀರಿಗೆ ಸೀದರೆ ಅವಳು "ಇಳ್ಸು, ಮತ್ತೆ ಉರಿ" ಅನ್ನುತ್ತಿದ್ದಳು. ಬೆಳ್ಳುಳ್ಳಿಯನ್ನು ಹೆಚ್ಚಿದರೆ ಬೈದು ಜಜ್ಜಿಸುತ್ತಿದ್ದಳು. ಉಪ್ಪಿರಬೇಕಾದ ಜಾಗದಲ್ಲಿ ಇನ್ನೊಂದು ರುಚಿಯನ್ನು ಕೂರಿಸಬೇಕು, ಖಾಲಿ ಬಿಡಬಾರದು, ಅಷ್ಟೇ ಅವಳ ವಿದ್ಯೆ. ನನಗೆ ಬೇಗ ಬಂತು. ಅವಳ ಕೈ ನನ್ನದಕ್ಕಿಂತ ಚುರುಕು ಅಂತ ಒಪ್ಪಿಕೊಳ್ಳುವುದು ಮಾತ್ರ ಬೇಗ ಬರಲಿಲ್ಲ. ನಮ್ಮವರು ಅವಳೊಡನೆ ನಕ್ಕು ಮಾತಾಡಿದರೆ ಈಗಲೂ ಎದೆಯಲ್ಲಿ ಆ ಬಿಸಿ ಏಳುತ್ತದೆ. ಎದ್ದಾಗ ಅದನ್ನು ಗುರುತಿಸುತ್ತೇನೆ. ಕೈ ಕಟ್ಟಿಕೊಂಡು ನಿಲ್ಲುತ್ತೇನೆ.

ಹೋದ ತಿಂಗಳು ಪುಷ್ಪ ಮಗಳ ಎರಡನೆಯ ಹೆರಿಗೆಗೆ ಮೆಟ್ಟೂರಿಗೆ ಹೋದಳು. ಮೂರು ವಾರ ಬರುವುದಿಲ್ಲ ಅಂದಿದ್ದಳು. ಮೊದಲ ದಿನ ನನಗೆ ಭಯವಾಯಿತು, ನನ್ನ ಕೈಯದೇ ಭಯ. ದಿನವೂ ಮಿಷನ್ ತೋರಿಸಿದ್ದನ್ನೇ ಇದ್ದ ಹಾಗೆ ಬರೆದೆ. ತೂಕ ಏರಲಿಲ್ಲ. ಕಾಲು ಒತ್ತಿ ನೋಡಿದರೆ ಚರ್ಮ ತಕ್ಷಣ ಮೇಲೇಳುತ್ತಿತ್ತು. ಡಾಕ್ಟರಮ್ಮ ಸದ್ಯಕ್ಕೆ ಪರವಾಗಿಲ್ಲ ಅಂದಿದ್ದಾರೆ. ಆ "ಸದ್ಯಕ್ಕೆ" ಸಾಕು ನಮಗೆ. ನಮ್ಮವರು ದಿನಕ್ಕೆ ಎರಡು ಗಂಟೆ ಮಗ್ಗಕ್ಕೂ ಕೂರುತ್ತಿದ್ದಾರೆ.

ಎರಡನೆಯ ವಾರ ಪಡವಲಕಾಯಿ ಕೂಟು ಮಾಡಿದೆ. ನಮ್ಮವರು ತಿಂದು, ತಲೆದೂಗಿ, "ಪುಷ್ಪ ಮಾಡ್ದಂಗೇ ಐತೆ" ಅಂದರು.

ಚುರುಕ್ ಅಂದಿತು. ನಗುವೂ ಬಂತು. ಅವರು ಕೈ ತೊಳೆಯಲು ಹೋದಾಗ ಫೋನ್ ತೆಗೆದು ಮೆಟ್ಟೂರಿಗೆ ಮಾಡಿದೆ. ಅವರು ಅಂದ ಮಾತನ್ನು ಒಂದಕ್ಷರ ಬಿಡದೆ ಪುಷ್ಪಳಿಗೆ ಹೇಳಿದೆ.

ಆ ಕಡೆ ಮಗು ಅಳುತ್ತಿತ್ತು. ಪುಷ್ಪ ಕೇಳಿದಳು, "ನಿಂಬೆಅಣ್ಣು ಯಾವಾಗ ಇಂಡ್ದೆ?"

"ಇಳ್ಸಿದ್ ಮೇಲೆ."

"ಹ್ಞೂಂ. ಸರಿ ಅಂಗಾರೆ."