ಒಂದೇ ಹಾಡಿನ ಆಲ್ಬಮ್

ಹಾಡು ಬೇಕೆಂದರೆ ಅಂಗಡಿಗೆ ಹೋಗಿ ಸರದಿಯಲ್ಲಿ ನಿಲ್ಲಬೇಕಾಗಿದ್ದ ಕೊನೆಯ ಕೆಲವು ವರ್ಷಗಳು ಅವು. ಬಸವನ ಬಾಗೇವಾಡಿಗೆ ಫೋನುಗಳು ಬಂದಿದ್ದವು, ಇಂಟರ್ನೆಟ್ ಇನ್ನೂ ಸರಿಯಾಗಿ ಬಂದಿರಲಿಲ್ಲ. ಉಗುರಿನಷ್ಟು ಮೆಮರಿ ಕಾರ್ಡನ್ನು ಮೊಬೈಲ್ ಅಂಗಡಿಯವರ ಕೈಗಿಟ್ಟು ‘ತುಂಬಿ ಕೊಡ್ರಿ’ ಎನ್ನುತ್ತಿದ್ದೆವು. ಮದುವೆ ಮನೆಯವರು, ಟ್ರ್ಯಾಕ್ಟರಿನವರು, ಭಜನೆಯವರು, ಎಲ್ಲರ ಹಾಡೂ ಅದೇ ಒಂದು ಕಂಪ್ಯೂಟರಿನಿಂದ ಹೊರಡುತ್ತಿತ್ತು. ಈ ಸೀಮೆಯಲ್ಲಿ ಬೆಳೆದು ಈಗ ಮೂವತ್ತರ ಆಸುಪಾಸಿನಲ್ಲಿರುವವರಿಗೆ ಆ ಅಂಗಡಿಗಳ ವಾಸನೆ ನೆನಪಿರುತ್ತದೆ: ಬಿಸಿಯಾದ ಪ್ಲಾಸ್ಟಿಕ್ಕು, ಊದಿನಕಡ್ಡಿ, ಪಕ್ಕದ ಗಾಡಿಯ ಮಿರ್ಚಿ ಭಜಿ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ ಮಲ್ಲು ಅಣ್ಣನದು. ರವಿವಾರ ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಅವನ ತಂಗಿ ರೇಣುಕಾ. ನನ್ನ ತರಗತಿಯವಳು. ಹೆಣ್ಣುಹುಡುಗಿ ಅಂಗಡಿಯಲ್ಲಿ ಕೂರುವುದು ಅವರ ಅಪ್ಪನಿಗೆ ಸೇರುತ್ತಿರಲಿಲ್ಲ. ನಾನೇ ಒಮ್ಮೆ ಕೇಳಿಸಿಕೊಂಡಿದ್ದೇನೆ.

“ಗಂಡಸರು ಬರೂ ಜಾಗಾ ಅದು. ಅಕಿಗೆ ಅಲ್ಲೇನ ಕೆಲಸ?”

“ಅಪ್ಪಾ, ಅಕಿ ತುಂಬಿದ ಕಾರ್ಡ ಒಬ್ಬರೂ ಹೊಳ್ಳಿ ತಂದಿಲ್ಲ. ನಾ ತುಂಬಿದ್ದು ದಿನಾ ನಾಕು ವಾಪಸ್ ಬರ್ತಾವು. ಅಕಿ ಕಿವಿ ಹಂಗೈತಿ.”

“ಕಿವಿ ಅಂತ, ಕಿವಿ! ಊರಾಗ ಒಂದ ಮಾತ ಬರಲಿ, ಅವತ್ತ ಮನಿಗೆ ಕರಕೊಂಡ ಬರ್ತೇನಿ.”

ಅಂದರೆ ಆ ಕುರ್ಚಿ ಅವಳ ಕಿವಿಯ ಮೇಲೆ ನಿಂತಿತ್ತು. ಅದು ನನಗೆ ಗೊತ್ತಿತ್ತು. ಮುಂದಿನದನ್ನು ಓದುವಾಗ ಈ ಮಾತು ನೆನಪಿರಲಿ.

ಪುಣೆಯಲ್ಲಿ ಓದುತ್ತಿದ್ದ ರೇಣುಕಾಳ ಸೋದರಮಾವನ ಮಗ ದೀಪಾವಳಿಗೆ ಬಂದಾಗ ಆ ವರ್ಷದ, ಗಿಟಾರು ಡ್ರಮ್ಮಿನ ಅಬ್ಬರದ ಮೆಟಲ್ ಸಂಗೀತದ ಆಲ್ಬಮ್‌ಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ತಂದು ಅಂಗಡಿಯ ಕಂಪ್ಯೂಟರಿಗೆ ಸುರಿದು ಹೋಗುತ್ತಿದ್ದ. ಗಿರಾಕಿಗಳಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ರೇಣುಕಾ ಒಂದೊಂದನ್ನೂ ಮೂರು ಸಲ ಕೇಳುತ್ತಿದ್ದಳು. ನನ್ನ ಕಿವಿಗೂ ಒಮ್ಮೆ ಇಯರ್‌ಫೋನ್ ತುರುಕಿದಳು. ಯಾರೋ ಕಲ್ಲು ನುಂಗಿ ಒದರುತ್ತಿರುವಂತೆ ಕೇಳಿಸಿತು.

“ಇದೇನಲೇ, ಹೊಟ್ಟಿ ನೋಯಾಕತ್ತೈತೇನ ಇಂವಗ?”

“ಅವನ್ನ ಬಿಡು ಸರೂ. ಅವನ ಹಿಂದ ಡ್ರಮ್ಮಿನವ ಏನ ಹೇಳಾಕತ್ತಾನ ಅದನ್ನ ಕೇಳು.”

ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿತು ಎಂದೆ.

ಎಂಟನೇ ತರಗತಿಯಲ್ಲಿ ನಮ್ಮ ಸಾಲಿಯ ಗೋಡೆಪತ್ರಿಕೆಗೆ ನಾನು ಸಂಪಾದಕಿ. ಡಿಸೆಂಬರ್ ಸಂಚಿಕೆಗೆ ಒಂದು ಮೂಲೆ ಖಾಲಿ ಉಳಿದಿತ್ತು. ಏನಾದರೂ ಬರೆದುಕೊಡು ಎಂದು ರೇಣುಕಾಳಿಗೆ ಹೇಳಿದೆ. ‘ಈ ವರ್ಷ ನಾ ಕೇಳಿದ ಹತ್ತು’ ಎಂದು ಬರೆದು ತಂದಳು, ಮಾತಾಡುವ ಹಾಗೆಯೇ. ತಿದ್ದಲು ಹೋದಾಗ ಕನ್ನಡ ಕಲಿಸುವ ಅಕ್ಕೋರು ‘ಇರಲಿ ಬಿಡು, ಚಂದ ಐತಿ’ ಎಂದರು.

ಹತ್ತನೆಯ ಆಲ್ಬಮ್ಮಿಗೆ ಅವಳು ಬರೆದದ್ದು: “ಹಾಡಾವಗ ತನ್ನ ದನಿ ಮ್ಯಾಲ ಭಾಳ ಪ್ರೀತಿ. ಉಳಿದವರು ಅವನ ಮದುವಿಗೆ ಬಂದ ಬೀಗರಂಗ ನಿಂತಾರ.” ಆರನೆಯದಕ್ಕೆ: “ಮೊದಲನೇ ಹಾಡು ಕಲ್ಲಿನ ಕ್ವಾರಿ. ಎರಡನೇದು ಕಲ್ಲಿನ ಕ್ವಾರಿ. ಮೂರನೇದು ಊಟದ ಸೂಟಿ.” ಮೊದಲನೆಯದಕ್ಕೆ: “ನಮ್ಮವ್ವನ ತವರಮನಿ ಹಳೇ ಕೊಲ್ಹಾರದಾಗ ಇತ್ತು. ಈಗ ಹಿನ್ನೀರಾಗ ಐತಿ. ನೀರಿನ ತಳದಾಗ ನಿಂತು ಒಂದ ಊರು ಒದರಿದ್ರ ಹಿಂಗ ಕೇಳಸ್ತೈತಿ.”

ಆ ಮೂಲೆಯ ಮುಂದೆ ಇಡೀ ಸಾಲಿಯೇ ಬಂದು ನಿಂತಿತು. ಹತ್ತನೇ ತರಗತಿಯ ಹುಡುಗರು ಗಟ್ಟಿಯಾಗಿ ಓದಿ ನಕ್ಕರು, ಮರುದಿನ ಮತ್ತೆ ಬಂದು ಓದಿದರು. ದೊಡ್ಡ ಸರ್ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿ, “ಹಾಡು ಎಂಥಾವೋ ಗೊತ್ತಿಲ್ಲ, ಹುಡುಗಿ ಶಾಣ್ಯಾ ಐತಿ” ಎಂದರು. ಸ್ವಚ್ಛತೆಯ ಬಗ್ಗೆ ನಾನು ಬರೆದಿದ್ದ ಸಂಪಾದಕೀಯದ ಮುಂದೆ ನೊಣವೂ ಕೂರಲಿಲ್ಲ.

ಒಂದು ವರ್ಷ ಕಾದೆ.

ಮರುವರ್ಷ ಡಿಸೆಂಬರಿನಲ್ಲಿ ಗೊಳಸಂಗಿಯ ನಮ್ಮ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಸೂಟಿಗೆ ನನ್ನ ಜೊತೆ ಶಬಾನಾ ಬಂದಿದ್ದಳು. ಬೆಂಚಿನಲ್ಲಿ ನನ್ನ ಪಕ್ಕ ಕೂರುವವಳು, ನಾನು ಹೇಳಿದ್ದಕ್ಕೆಲ್ಲ ಮೊದಲು ನಗುವವಳು. ಬೆಳಿಗ್ಗೆ ಆಣಿಕಲ್ಲು ಆಡಿದೆವು, ಹೊಟ್ಟಿನ ಗುಡ್ಡೆಯ ಮೇಲಿಂದ ಜಾರಿದೆವು. ಕಾಳು ಬಡಿಯುವ ರಾಶಿ ಮಷೀನು ಕಂಕಣ ತೊಟ್ಟಂತೆ ಒದರುತ್ತಿತ್ತು. ಅದರ ಬೆಲ್ಟ್ ಸಡಿಲಾಗಿದ್ದರಿಂದ ನಾಲ್ಕು ಬಡಿತಕ್ಕೊಮ್ಮೆ ಒಂದು ಬಡಿತ ತಡವಾಗಿ ಬೀಳುತ್ತಿತ್ತು. ಶಬಾನಾ ಕಿವಿ ಮುಚ್ಚಿಕೊಂಡು ಕೂಗಿದಳು: “ಏ ಸರೂ, ಇದು ರೇಣಿ ಹಾಡಿನಂಗ ಐತಿ ನೋಡ!”

ಅಲ್ಲಿಗೆ ಎಲ್ಲ ಹೊಳೆಯಿತು. ಅಪ್ಪನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಮಷೀನಿನ ಪಕ್ಕ ಕಾಳು ಹಸನು ಮಾಡುತ್ತ ಕೂತಿದ್ದ ಆಯಿಯ ಬುಟ್ಟಿಯಲ್ಲಿಟ್ಟೆ. ಆಯಿ ಎಂದರೆ ಅಪ್ಪನ ತಾಯಿ. ಮಾತು ಕಡಿಮೆಯವಳು. ಅವಳು ಮೊರ ಎತ್ತಿ ಇಳಿಸುತ್ತಲೇ ಇದ್ದಳು, ಫೋನಿನ ಕಡೆ ನೋಡಲೂ ಇಲ್ಲ. ನಾವು ಬೇವಿನ ಮರದ ಕೆಳಗೆ ಹೋಗಿ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಸುಲಿದು ತಿಂದೆವು, ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ತಿಂದು ಬರುವಷ್ಟರಲ್ಲಿ ಇಪ್ಪತ್ತಮೂರು ನಿಮಿಷ ರೆಕಾರ್ಡ್ ಆಗಿತ್ತು. ಶುರುವಿನಲ್ಲಿ ನಮ್ಮ ಕಾಕಾ ಆಳಿಗೆ ಬೈಯುವುದು ಸೇರಿಕೊಂಡಿತ್ತು. ಅಷ್ಟನ್ನು ಕತ್ತರಿಸಿ ಇನ್ನೊಂದು ಫೈಲು ಮಾಡಿ, ಸ್ವಲ್ಪ ನಿಧಾನ ಮಾಡಿದೆ. ಬ್ಯಾಂಡಿಗೆ ಹೆಸರು ಬೇಕಿತ್ತು. ಗೊಳಸಂಗಿಯನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಬರೆದೆ: ಇಗ್ನಸಲೋಗ್. ಯಾವುದೋ ಚಳಿ ದೇಶದ ಹೆಸರಿನಂತಿತ್ತು.

ಶಬಾನಾ ಅದನ್ನು ರೇಣುಕಾಳಿಗೆ ಬ್ಲೂಟೂತಿನಲ್ಲಿ ಕಳಿಸಿದಳು. “ನಮ್ಮ ಚಾಚಾ ದುಬೈದಿಂದ ಕಳಿಸ್ಯಾರ. ಪೂರಾ ಆಲ್ಬಮ್ ಒಂದ ಹಾಡಂತ.”

ಡಿಸೆಂಬರಿನ ಕೊನೆಯ ಶನಿವಾರ. ಆ ವರ್ಷ ಪಟ್ಟಿಯನ್ನು ಗೋಡೆಗೆ ಹಚ್ಚುವ ಮೊದಲು ತರಗತಿಯಲ್ಲಿ ಓದಿಸಬೇಕೆಂದು ಅಕ್ಕೋರಿಗೆ ಹೇಳಿದವಳು ನಾನೇ. ರೇಣುಕಾ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದಿದ್ದಳು. ಹತ್ತರಿಂದ ಎರಡರವರೆಗೆ ಓದುವಷ್ಟರಲ್ಲಿ ತರಗತಿ ಅವಳ ಕೈಯಲ್ಲಿತ್ತು. ಅಕ್ಕೋರೇ ಎರಡು ಸಲ ನಕ್ಕರು. ಆಮೇಲೆ ಹಾಳೆ ತಿರುವಿದಳು.

“ಮೊದಲನೇದು, ಇಗ್ನಸಲೋಗ್. ಇಪ್ಪತ್ತೈದು ನಿಮಿಷ, ಒಂದ ಹಾಡು. ಗಿಟಾರ ಇಲ್ಲ. ಡ್ರಮ್ಮಿನವ ಕುಂಟ, ನಾಕು ಹೆಜ್ಜಿಗೊಮ್ಮೆ ಕಾಲ ಎಳೀತಾನ. ಅವನ ಜೋಡಿ ಕುಂಟಿದ್ರ ಅಷ್ಟ ದಾರಿ ಸಿಗತೈತಿ. ಎಲ್ಲೋ ಕೇಳಿದಂಗ ಐತಿ, ಎಲ್ಲಿ ಅನ್ನೂದು ನೆನಪಾಗವಲ್ದು. ಒಂಬತ್ತನೇ ನಿಮಿಷಕ್ಕ, ಎಲ್ಲಾದರ ತಳಗ, ಒಬ್ಬಾಕಿ ಹಾಡಾಕತ್ತಾಳ. ಮಾತು ತಿಳಿಯೂದಿಲ್ಲ. ಯಾರಿಗೂ ಕೇಳಬಾರದು ಅಂತನ ಹಾಡಾಕತ್ತಾಳ. ಈ ವರ್ಷ ನಾ ಕೇಳಿದ್ದರಾಗ ಇದರಷ್ಟು ಒಂಟಿ ದನಿ ಇನ್ನೊಂದಿಲ್ಲ.”

ಅಕ್ಕೋರು “ಚಲೋ ಬರದಿ” ಎನ್ನುವಷ್ಟರಲ್ಲಿ ಜವಾನ ಬಂದು, ದೊಡ್ಡ ಸರ್ ಕರೆಯುತ್ತಿದ್ದಾರೆಂದು ಹೇಳಿದ. ಅವರು ಹೊರಗೆ ಹೋದರು. ನಾನು ಶಬಾನಾಳ ಕಡೆ ನೋಡಿದೆ. ಅವಳು ಊಟದ ಚೀಲದಿಂದ ನನ್ನ ಅಪ್ಪನ ಫೋನು ತೆಗೆದು ಮೇಜಿನ ಮೇಲಿಟ್ಟು, ಕತ್ತರಿಸದ ಫೈಲನ್ನು ಒತ್ತಿದಳು.

ಮೊದಲು ಕಾಕಾನ ಧ್ವನಿ: “ಏ ಬಸ್ಯಾ, ಬೆಲ್ಟ್ ಜಾರಾಕತ್ತೈತಿ ನೋಡಲೇ! ತೊಗರಿ ಪೂರಾ ಹೊಟ್ಟಿನಾಗ ಹೊಂಟೈತಿ!” ಆಮೇಲೆ ಮಷೀನು. ನಾಲ್ಕು ಬಡಿತ, ಒಂದು ತಡ.

“ದುಬೈ ಅಲ್ಲ, ಗೊಳಸಂಗಿ,” ಎಂದೆ. “ರಾಶಿ ಮಷೀನು. ಡ್ರಮ್ಮಿನವನ ಹೆಸರು ಬಸ್ಯಾ.”

ತರಗತಿ ಎದ್ದು ಕುಣಿಯಿತು. ಹುಡುಗರು ಬೆಂಚು ಬಡಿದರು, ನಾಲ್ಕಕ್ಕೊಮ್ಮೆ ತಡ ಮಾಡಿ. ಒಬ್ಬ ಕುಂಟುತ್ತ ಹಲಗೆಯವರೆಗೆ ಹೋಗಿ ಬಂದ. ರೇಣುಕಾ ಹಾಳೆ ಹಿಡಿದುಕೊಂಡೇ ನಿಂತಿದ್ದಳು. ಅವಳು ಅಳಲಿಲ್ಲ. ಗದ್ದಲದ ನಡುವೆ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಕೇಳಿದಳು.

“ಮಷೀನ ಇರಲಿ. ಹಾಡಾಕಿ ಯಾರು?”

ನಾನು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟೆ.

“ಯಾರೂ ಹಾಡಿಲ್ಲಲೇ. ನಿನ್ನ ಕಿವ್ಯಾಗ ಹೊಟ್ಟು ಹೊಕ್ಕೈತಿ. ಅಳಸ ಅದನ್ನ, ಎಲ್ಲಾರ ಮುಂದ ಅಳಸು.”

ಅವಳು ತನ್ನ ಫೋನು ತಂದಿದ್ದಳು, ಮೊದಲನೆಯ ಆಲ್ಬಮ್ಮನ್ನು ಅಕ್ಕೋರಿಗೆ ಒಂದು ನಿಮಿಷ ಕೇಳಿಸುವ ಆಸೆಯಿಂದ. ಅದನ್ನು ತೆಗೆದು, ನಾನು ನೋಡುವಂತೆ ಹಿಡಿದು, ಅಳಿಸಿದಳು. ಅಪ್ಪನ ಫೋನಿನಲ್ಲಿದ್ದ ಎರಡೂ ಫೈಲುಗಳನ್ನು ನಾನು ಅದೇ ಸಂಜೆ ಅಳಿಸಿದೆ. ವಿಚಾರಣೆ ಆದರೆ ಸಾಕ್ಷಿ ಇರಬಾರದೆಂಬ ಬುದ್ಧಿ ಆ ವಯಸ್ಸಿಗೇ ಇತ್ತು. ಅಳಿಸುವ ಮೊದಲು ಒಂಬತ್ತನೇ ನಿಮಿಷವನ್ನು ಕೇಳಿ ನೋಡಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ವಿಚಾರಣೆಯೇನೂ ಆಗಲಿಲ್ಲ. ಮರುದಿನ ರವಿವಾರ. ರೀಚಾರ್ಜಿನ ನೆಪ ಮಾಡಿ ಅಂಗಡಿಗೆ ಹೋದೆ. ಏನಾಗುತ್ತದೆಂದು ನೋಡುವುದಕ್ಕೇ ಹೋದದ್ದು. ನಮ್ಮ ಸಾಲಿಯ ನಾಲ್ಕು ಹುಡುಗರು ಆಗಲೇ ಕಟ್ಟೆಗೆ ಒರಗಿ ನಿಂತಿದ್ದರು.

“ಅಕ್ಕಾ, ಕಾರ್ಡ ತುಂಬಿಕೊಡ್ರಿ. ರಾಶಿ ಮಷೀನಿನ ಹಾಡು ಐತೇನ್ರಿ?”

“ಗಿರಣಿದು ಇದ್ರೂ ನಡೀತೈತಿ.”

“ಬೋರವೆಲ್ ಗಾಡಿದು ಹೊಸಾದು ಬಂದೈತಂತಲ್ರಿ?”

ಒಳಗಿನ ಸ್ಟೂಲಿನ ಮೇಲೆ ಅವರ ಅಪ್ಪ ಕೂತಿದ್ದರು. ಎದ್ದು ಬಂದರು. ಹುಡುಗರಿಗೆ ಏನೂ ಅನ್ನಲಿಲ್ಲ. “ಏಳು,” ಎಂದರು ಮಗಳಿಗೆ.

“ಅಪ್ಪಾ, ಹುಡುಗೋರ ಮಾತು…” ಎಂದ ಮಲ್ಲು ಅಣ್ಣ.

“ನಿನ್ನಿ ಸಂಜೀಕ ಕಿರಾಣಿ ಅಂಗಡ್ಯಾಗೂ ಕೇಳಿದ್ರು ನನ್ನ. ಅಕಿ ಕಿವಿ ಅಕಿ ಕಿವಿ ಅಂತಿದ್ದೆಲ್ಲಾ? ಊರ ತುಂಬ ನಗಾಕತ್ತಾರ. ಏಳವ್ವಾ.”

ರೇಣುಕಾ ಇಯರ್‌ಫೋನ್ ತೆಗೆದು, ತಂತಿಯನ್ನು ಎರಡು ಬೆರಳಿಗೆ ಸುತ್ತಿ, ಕೀಬೋರ್ಡಿನ ಪಕ್ಕ ಇಟ್ಟಳು. ಹೊರಗೆ ಬರುವಾಗ ನನ್ನ ಮುಂದೆಯೇ ಹಾದುಹೋದಳು. ನಾನು ಮಲ್ಲು ಅಣ್ಣನ ಕೈಗೆ ಹತ್ತು ರೂಪಾಯಿ ಕೊಟ್ಟು ರೀಚಾರ್ಜ್ ಮಾಡಿಸಿಕೊಂಡೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಆ ದಿನ ನನಗೆ ಸಂತೋಷವಾಗಿತ್ತು.

ಹತ್ತನೆಯ ತರಗತಿಯಲ್ಲಿ ಅವಳು ಪಟ್ಟಿ ಬರೆಯಲಿಲ್ಲ. ಆ ಮೂಲೆಗೆ ನಾನು ಆರೋಗ್ಯ ಸಲಹೆಗಳನ್ನು ಹಾಕಿದೆ.

ಆಯಿ ತೀರಿಕೊಂಡದ್ದು ಎರಡು ವರ್ಷದ ಹಿಂದೆ. ಮಣ್ಣು ಮಾಡಿ ಬಂದ ಮೂರನೆಯ ದಿನ ಗೊಳಸಂಗಿಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಆಯಿಯ ಫೋಟೋ ನಾಲ್ಕು ಇದ್ದವು, ಎಲ್ಲದರಲ್ಲೂ ಸೆರಗು ಮುಂದೆ ಎಳೆದುಕೊಂಡಿದ್ದಳು. ಧ್ವನಿ ಎಲ್ಲಿಯೂ ಇರಲಿಲ್ಲ. ಮದುವೆ ವಿಡಿಯೋಗಳಲ್ಲೂ ಅವಳು ತುಟಿ ಬಿಚ್ಚಿರಲಿಲ್ಲ. ರಾಶಿಯಲ್ಲಿ ಅವಳ ಪಕ್ಕ ಕೂತು ಹಸನು ಮಾಡುತ್ತಿದ್ದ ಚಿಗವ್ವ, ಕಾಕಾನ ಹೆಂಡತಿ, ಆಗ ಹೇಳಿದಳು.

“ಅತ್ತಿ ಹಾಡ್ತಿದ್ರು, ಗೊತ್ತೇನು? ಮಾವ ಇದ್ದಾಗ ಅವರ ದನಿ ಗಡಸ ಅಂತ ನಗತಿದ್ರಂತ. ಅದಕ್ಕ ಯಾರ ಮುಂದೂ ಹಾಡಲಿಲ್ಲ. ಮಷೀನ ಸುರು ಆತಂದ್ರ ಅಷ್ಟ ತುಟಿ ಅಲ್ಲಾಡತಿದ್ದು. ಬಂದ್ ಆತಂದ್ರ ಬಾಯಿ ಬಂದ್. ಬಾಜೂಕ ಕುಂತ ನನಗೂ ಒಂದಕ್ಷರ ಕೇಳಿಲ್ಲ.”

ಬುಟ್ಟಿಯಲ್ಲಿಟ್ಟ ಫೋನು ನೆನಪಾಯಿತು. ಒಂಬತ್ತನೇ ನಿಮಿಷ ನೆನಪಾಯಿತು.

ರೇಣುಕಾ ಮುದ್ದೇಬಿಹಾಳದಲ್ಲಿದ್ದಾಳೆಂದು ಶಬಾನಾಳಿಂದ ತಿಳಿಯಿತು. ಗಂಡ ಹೆಂಡತಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಾನು ಹೋದಾಗ ಗಂಡ ಯಾರದೋ ಜೋಳ ಸುರಿಯುತ್ತಿದ್ದ. ಅವನಿಗೆ ಬೆನ್ನು ಹಾಕಿ ಚೀಲ ಹೊಲಿಯುತ್ತಿದ್ದ ರೇಣುಕಾ ತಿರುಗದೆಯೇ ಕೈ ಎತ್ತಿ ‘ಬಂದ್ ಮಾಡ್ರಿ’ ಎಂದು ಸನ್ನೆ ಮಾಡಿದಳು. ಗಂಡ ಮೋಟರು ಆರಿಸಿ ಒಳಗೆ ಕೈ ಹಾಕಿ ನೋಡಿದ. ಜೋಳದ ಜೊತೆ ಒಂದು ಸಣ್ಣ ಕಲ್ಲು ಹೋಗಿತ್ತು. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ದಿನಾ ಹೀಗೇ ಇರಬೇಕು.

“ಬರ್ರಿ. ಏನ ಬೀಸೂದೈತ್ರಿ?”

“ರೇಣಿ, ನಾ ಸರೂ.”

“ಗೊತ್ತೈತ್ರಿ.”

ಬೆಂಚಿನ ಮೇಲಿನ ಹಿಟ್ಟು ಒರೆಸಿ ಕೂರಿಸಿದಳು. ಗಂಡನಿಗೆ ಹೇಳಿ ಚಹಾ ತರಿಸಿದಳು. ತಪ್ಪಾಯಿತು ಎಂದೆ. ಹೂಂ ಎಂದಳು. ಆ ರೆಕಾರ್ಡಿಂಗು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

“ನಿಮ್ಮ ಮುಂದನ ಅಳಸಿದ್ನೆಲ್ರಿ.”

“ಹಾಡಿದಾಕಿ ನಮ್ಮ ಆಯಿ, ರೇಣಿ. ತೀರಿಕೊಂಡ್ಲು. ಅಕಿ ದನಿ ಬ್ಯಾರೆ ಎಲ್ಲೂ ಇಲ್ಲ. ನಿನಗ ಆ ರಾಗ ನೆನಪೈತೇನು?”

ಅವಳು ಮೊದಲ ಸಲ ನನ್ನನ್ನು ನೇರ ನೋಡಿದಳು.

“ಪೂರಾ ನೆನಪೈತ್ರಿ.”

“ಒಮ್ಮೆ ಗುನುಗು. ಒಂದ ಸಾಲು ಸಾಕು.”

“ಯಾರೂ ಹಾಡಿಲ್ಲ ಅಂದಿದ್ರೆಲ್ರಿ,” ಎಂದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. “ಎಲ್ಲಾರ ಮುಂದ ಅಂದಿದ್ರಿ.”

ಅಷ್ಟರಲ್ಲಿ ಇನ್ನೊಬ್ಬರು ಜೋಳದ ಡಬ್ಬಿ ಹೊತ್ತು ಬಂದರು. ಅವಳು ಎದ್ದು ಹೋಗಿ ಮೋಟರು ಹಚ್ಚಿದಳು. ಗಿರಣಿ ನಡುಗಿತು, ಗೋಡೆಯ ಮೇಲಿನ ಹಿಟ್ಟು ಉದುರಿತು. ಗಿರಣಿಯ ಬಾಯಿಗೆ ಬಟ್ಟೆಯ ಚೀಲ ಕಟ್ಟಿ, ಅದರ ತುದಿಯಿಂದ ಹಿಟ್ಟು ಬೀಳುವಲ್ಲಿ ಅಂಗೈ ಒಡ್ಡಿ ನಿಂತಳು.

ಅವಳ ತುಟಿ ಅಲ್ಲಾಡುತ್ತಿತ್ತು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಇನ್ನೊಂದು ಹೆಜ್ಜೆ ಹತ್ತಿರ ಹೋದೆ. ನನಗೆ ಗಿರಣಿ ಮಾತ್ರ ಕೇಳಿಸಿತು.